ತಂತಿಯಕ್ಕ ಮತ್ತು ಸುಮ್ಮನಾಗದ ಕಿಣ್ವ

ಸುಟ್ಟ ಮೋಟರು ನಮ್ಮ ವರ್ಕ್‌ಶಾಪಿಗೆ ಬಂದರೆ ಅದನ್ನು ಬಿಚ್ಚುವುದು ನಾನು, ಒಳಗಿನ ಕರಕಲು ತಂತಿ ಕಿತ್ತು ಹೊಸದನ್ನು ಸುತ್ತುವುದು ಅವಳು. ಹದಿನಾರು ವರ್ಷ ಎದುರುಬದುರು ಬೆಂಚಿನಲ್ಲಿ ಕೂತು ಕೆಲಸ ಮಾಡಿದ್ದೇವೆ. ಎಲ್ಲರೂ ಅವಳನ್ನು ತಂತಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ನಾನೂ ಹಾಗೇ. ಕೂದಲೆಳೆಯಂಥ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತುವಾಗ ನಾವು ಎಷ್ಟೇ ಹರಟಿದರೂ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಕೆಮ್ಮು ಬಂದರೆ ಮಾತ್ರ ಕೈ ನಿಲ್ಲಿಸಿ, ಮುಖ ಆಚೆ ತಿರುಗಿಸಿ, ಅದು ಮುಗಿಯುವ ತನಕ ಕಾಯುವಳು. ಆಮೇಲೆ ಬಿಟ್ಟ ಸುತ್ತಿನಿಂದಲೇ ಶುರು.

ಆ ಕೆಮ್ಮು ಹೆಚ್ಚುಕಡಿಮೆ ಅವಳ ಜೊತೆಗೇ ಹುಟ್ಟಿದ್ದು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ. ಶಾಲೆಗೆ ಸೇರುವ ಮೊದಲೇ ಎರಡು ಸಲ ನ್ಯುಮೋನಿಯಾ. ಕುತ್ತಿಗೆಯ ಎರಡೂ ಕಡೆ ಗೋಲಿಯಷ್ಟು ದಪ್ಪ ಗಂಟುಗಳು ಎದ್ದು, ಇಳಿಯದೆ ಅಲ್ಲೇ ಉಳಿದುಬಿಟ್ಟವು. ಕ್ಷಯ ಇರಬಹುದು ಅಂತ ಎರಡು ಬಾರಿ ಆರಾರು ತಿಂಗಳು ಮಾತ್ರೆ ನುಂಗಿಸಿದರು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲ.

ಅವಳ ಅಪ್ಪ ಬಸ್ ಕಂಡಕ್ಟರ್. ಅವನದೂ ಹೀಗೇ ಕೆಮ್ಮುವ ಎದೆ. ನಲವತ್ತೊಂದನೇ ವಯಸ್ಸಿನಲ್ಲಿ ಒಂದು ಜ್ವರ ಎದೆಗಿಳಿದು ಐದೇ ದಿನಕ್ಕೆ ತೀರಿಕೊಂಡ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದವಳು. ಹೆರಿಗೆಗೆ ಹದಿನೈದು ದಿನ ಇರುವವರೆಗೂ ಆ ಹಬೆಯಲ್ಲಿ ನಿಂತು ಕೆಲಸ ಮಾಡಿದ್ದಳು. ಗಂಡನ ಕಡೆಯವರಿಗೆ ಅಷ್ಟೇ ಸಾಕಾಯಿತು. "ಹೊಟ್ಟೆಯಲ್ಲಿದ್ದ ಮಗುವಿನ ಎದೆಗೆ ನೀರು ಇಳಿಸಿದಳು" ಅಂತ ಚಿಕ್ಕಪ್ಪ ನಾಲ್ಕು ಜನರ ಮುಂದೆ ಆಡಿದ. ಅಮ್ಮನೂ ಅದನ್ನೇ ನಂಬಿದ್ದಳು.

ತಂತಿಯಕ್ಕ ಇದನ್ನೆಲ್ಲ ಹಣೆಬರಹ ಅಂತ ಹೊತ್ತುಕೊಂಡು ನಡೆದಿದ್ದಳು. ಮದುವೆಯಾಯಿತು, ಗಂಡ ಪೈಂಟರ್, ಒಳ್ಳೆಯವನು, ಒಬ್ಬಳು ಮಗಳು. ಆ ಮಗಳಿಗೆ ಐದು ತುಂಬಿದ ವರ್ಷ ಒಂದು ಬೆಳಿಗ್ಗೆ ಜಡೆ ಹೆಣೆಯುತ್ತಿದ್ದಾಗ, ಕಿವಿಯ ಕೆಳಗೆ ಬೆರಳಿಗೆ ಗಂಟು ಸಿಕ್ಕಿತು. ಇನ್ನೊಂದು ಕಡೆ ಮುಟ್ಟಿ ನೋಡಿದಳು. ಅಲ್ಲೂ ಇತ್ತು. ಅವತ್ತು ಅವಳು ಕೆಲಸಕ್ಕೆ ತಡವಾಗಿ ಬಂದಳು. ನಾನು ಕಂಡಂತೆ ಅದೇ ಮೊದಲು.

"ನನಗೆ ಬಂದಿದ್ದು ಬಂತು," ಅಂದಳು ನನ್ನ ಹತ್ತಿರ. "ಅವಳಿಗೆ ಯಾಕೆ ಬಂತು ಅಂತ ಗೊತ್ತಾಗೋ ತನಕ ನಾನು ಬಿಡಲ್ಲ."

ನಮ್ಮಲ್ಲಿ ಪ್ರತಿ ಮೋಟರಿಗೂ ಒಂದು ಕಾರ್ಡು ಇರುತ್ತದೆ: ಯಾವತ್ತು ಬಂತು, ಏನು ಸುಟ್ಟಿತ್ತು, ಏನು ಮಾಡಿದೆವು, ಮತ್ತೆ ಬಂತೇ. ಅದೇ ರೀತಿ ಅವಳು ಒಂದು ನೋಟ್‌ಬುಕ್ಕಿನಲ್ಲಿ ಎಡಪುಟ ತನಗೆ, ಬಲಪುಟ ಮಗಳಿಗೆ ಇಟ್ಟು ಬರೆಯತೊಡಗಿದಳು. ಹಳೆಯದನ್ನೆಲ್ಲ ಅಮ್ಮನನ್ನು ಕೂರಿಸಿಕೊಂಡು ಕೆದಕಿ ಕೆದಕಿ ಕೇಳಿದಳು. ಒಂದು ತಿಂಗಳಲ್ಲಿ ಮೂವತ್ತಮೂರು ವರ್ಷದ ಜ್ವರಗಳು ಸಾಲಾಗಿ ಬಂದು ಕೂತವು.

ಮೊದಲು ತೋರಿಸಿದ ಡಾಕ್ಟರು ಪುಸ್ತಕ ತೆರೆಯಲೇ ಇಲ್ಲ. "ವಾರ್ನಿಶ್ ವಾಸನೆ, ಧೂಳು. ಆ ಕೆಲಸ ಬಿಡಿ ಮೊದಲು," ಅಂದರು.

"ನನ್ನ ಮಗಳು ಯಾವ ವರ್ಕ್‌ಶಾಪಿನಲ್ಲಿ ಕೆಲಸ ಮಾಡ್ತಾಳೆ, ಡಾಕ್ಟ್ರೇ?" ಅಂತ ಕೇಳಿ ಎದ್ದು ಬಂದಳು.

ಎರಡನೆಯವರು ಇವಳ ಕುತ್ತಿಗೆಯ ಗಂಟು ನೋಡಿ ಗಾಬರಿಯಾದರು. ಕ್ಯಾನ್ಸರ್ ಇರಬಹುದೆಂದು ಒಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಎಂಟು ದಿನ ಅವಳ ಗಂಡ ಗೋಡೆಗೆ ಬಳಿಯುವ ಬಣ್ಣವನ್ನು ಬಾಗಿಲಿಗೆ ಬಳಿದು ಬೈಸಿಕೊಂಡ. ರಿಪೋರ್ಟು ಬಂತು, ಕ್ಯಾನ್ಸರ್ ಅಲ್ಲ. "ಇನ್ನು ಆರಾಮಾಗಿ ಮನೆಗೆ ಹೋಗಿಮ್ಮಾ" ಅಂದರು ಡಾಕ್ಟರು. ಇವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಏನಲ್ಲ ಅಂತ ಹೇಳಿದ್ರಿ, ಸಂತೋಷ. ಏನು ಅಂತ ಹೇಳಿ."

ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದರು. ಕೊನೆಗೆ ಡಾಕ್ಟರು ಪುಸ್ತಕ ಈಚೆ ಎಳೆದುಕೊಂಡು ಓದಿದರು. ಎರಡೂ ಪುಟ ಹೋಲಿಸಿ ನೋಡಿದರು. ಆಮೇಲೆ ಒಂದು ಚೀಟಿ ಬರೆದು, ರೋಗ ತಡೆಯುವ ಶಕ್ತಿಯ ತೊಂದರೆಗಳನ್ನೇ ನೋಡುವ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಆ ಡಾಕ್ಟರಮ್ಮ ತಾಯಿ, ಮಗಳು ಇಬ್ಬರ ರಕ್ತವನ್ನೂ ತೆಗೆಸಿದರು. ಸೋಂಕಿನ ವಿರುದ್ಧ ನಿಲ್ಲುವ ಪ್ರತಿಕಾಯಗಳು ಇಬ್ಬರಲ್ಲೂ ತೀರಾ ಕಡಿಮೆ. ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಹತ್ತು ವಾರ ಹಿಡಿಯಿತು.

"ನಮ್ಮ ಬಿಳಿ ರಕ್ತಕಣಗಳ ಒಳಗೆ ಒಂದು ಕಿಣ್ವ ಇದೆ," ಅಂತ ವಿವರಿಸಿದರು ಡಾಕ್ಟರಮ್ಮ. "ಎಲ್ಲರಿಗೂ ಇರತ್ತೆ. ರೋಗಾಣು ಬಂದಿದೆ ಅನ್ನೋ ಸುದ್ದಿ ಕಣದ ಹೊರಮೈಗೆ ಮುಟ್ಟಿದಾಗ, ಈ ಕಿಣ್ವ ಎಚ್ಚರಾಗಿ ಅದನ್ನ ಒಳಗೆ ದಾಟಿಸತ್ತೆ. ಏಳು, ಹೆಚ್ಚು, ಹೋರಾಡು ಅಂತ. ಕೆಲಸ ಮುಗಿದ ಮೇಲೆ ಸುಮ್ಮನಾಗಬೇಕು. ನಿಮ್ಮಿಬ್ಬರದು ಸುಮ್ಮನಾಗೋದೇ ಇಲ್ಲ."

"ಅಷ್ಟು ದುಡಿಯೋ ರಕ್ತ ಆದ್ರೆ ನಾನು ಎಲ್ಲರಿಗಿಂತ ಗಟ್ಟಿಯಾಗಿರಬೇಕಿತ್ತಲ್ವಾ? ಯಾಕೆ ಹೀಗೆ ಬೀಳ್ತೀನಿ?"

ಡಾಕ್ಟರಮ್ಮನಿಗೆ ಆ ಪ್ರಶ್ನೆ ಹಿಡಿಸಿತು. "ಬಿಡುವೇ ಇಲ್ಲದ ಕಣ ಬೇಗ ಮುದಿಯಾಗತ್ತೆ. ನಿಜವಾದ ರೋಗಾಣು ಬಂದಾಗ ಅದರಲ್ಲಿ ಕಸುವು ಉಳಿದಿರಲ್ಲ. ಪ್ರತಿಕಾಯ ತಯಾರಿಸಬೇಕಾದ ಕಣಗಳೂ ಸರಿಯಾಗಿ ಪಳಗಲ್ಲ. ಅವೆಲ್ಲ ಕುತ್ತಿಗೆಯ ಗಂಟಿನಲ್ಲಿ, ಹೊಟ್ಟೆಯ ಎಡಗಡೆ ಇರೋ ಗುಲ್ಮದಲ್ಲಿ ಗುಂಪುಗೂಡೋದ್ರಿಂದ ಅವು ಊದಿಕೊಳ್ತವೆ."

"ಆಫ್ ಆಗದ ಮೋಟರು," ಅಂದಳು ತಂತಿಯಕ್ಕ. "ನಮ್ಮಲ್ಲಿಗೆ ವಾರಕ್ಕೆ ಎರಡು ಬರತ್ತೆ."

ಕಾರಣ ಸಿಕ್ಕಿದ್ದಕ್ಕೆ ಖುಷಿಪಡಬೇಕೋ ಮಗಳಿಗೂ ಇದೆ ಎಂದು ಅಳಬೇಕೋ ತಿಳಿಯಲಿಲ್ಲ ಅಂತ ಆಮೇಲೆ ನನಗೆ ಹೇಳಿದಳು. ಅವತ್ತು ಎರಡನ್ನೂ ಬದಿಗಿಟ್ಟು ಇನ್ನೊಂದೇ ಪ್ರಶ್ನೆ ಕೇಳಿದ್ದಳು. "ಇದು ಯಾವ ಕಡೆಯಿಂದ ಬಂತು?" ಅಮ್ಮನ ರಕ್ತವನ್ನೂ ಪರೀಕ್ಷಿಸಿದರು. ಅಮ್ಮನಲ್ಲಿ ಆ ದೋಷ ಇರಲಿಲ್ಲ. ಅಪ್ಪ ಕೆಮ್ಮಿ ಕೆಮ್ಮಿ ಸತ್ತ ಬಗೆಯನ್ನು ಕೇಳಿದ ಡಾಕ್ಟರಮ್ಮ, ಬಹುಮಟ್ಟಿಗೆ ಅವನಿಂದಲೇ ಬಂದದ್ದು ಅಂದರು.

ಮನೆಗೆ ಹೋಗಿ ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು ಹೇಳಿದಳು. "ಅಮ್ಮಾ, ಹಬೆಯಿಂದ ಬಂದಿದ್ದಲ್ಲ. ನೀನು ಮಾಡಿದ್ದಲ್ಲ. ನಾನು ಹೊಟ್ಟೆಯಲ್ಲಿ ಮೂಡಿದ ದಿನವೇ ಅದು ನನ್ನಲ್ಲಿತ್ತು."

ಅಮ್ಮ ಮಡಚುತ್ತಿದ್ದ ಬಟ್ಟೆ ಮಡಚುತ್ತಲೇ ಇದ್ದಳು. "ಇನ್ನೊಂದು ಸಲ ಹೇಳು," ಅಂದಳು. ಹೇಳಿದಳು. "ಇನ್ನೊಂದು ಸಲ." ಮೂರನೇ ಸಲಕ್ಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಚಿಕಿತ್ಸೆ ಶುರುವಾಯಿತು. ನಾಲ್ಕು ವಾರಕ್ಕೊಮ್ಮೆ ತಾಯಿ ಮಗಳು ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್ಪಿನಲ್ಲಿ ಏರಿಸಿಕೊಳ್ಳುತ್ತಾರೆ. ಆ ಕಿಣ್ವವನ್ನೇ ತಗ್ಗಿಸುವ ಮಾತ್ರೆಯೂ ಬಂತು, ತಂತಿಯಕ್ಕನಿಗೆ ಮಾತ್ರ. ಮಗಳಿಗೆ ಇನ್ನೂ ಅದನ್ನು ಕೊಡುವ ವಯಸ್ಸಾಗಿಲ್ಲ. ಮೊದಲ ತಿಂಗಳು ವಾಂತಿ, ತಲೆನೋವು. ಬಿಡಲಿಲ್ಲ. ಐದನೇ ತಿಂಗಳು ಬೆಂಚಿನ ಆಚೆಯಿಂದ ನನ್ನನ್ನು ಕರೆದು ಕುತ್ತಿಗೆ ತೋರಿಸಿದಳು. ಗಂಟುಗಳು ಕಡಲೆಕಾಳಿನಷ್ಟಾಗಿದ್ದವು. ಇಷ್ಟು ವರ್ಷದ ಸೋಂಕಿನಿಂದ ಹಾಳಾದ ಎಡಶ್ವಾಸಕೋಶದ ತುದಿ ಮಾತ್ರ ಇನ್ನು ಸರಿಹೋಗುವುದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಇದ್ದಷ್ಟರಲ್ಲಿ ಉಸಿರಾಡ್ತೀನಿ ಬಿಡಿ," ಅಂದಿದ್ದಳು ಇವಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಪ್ಪನ ಕಡೆ ಇನ್ನೊಂದು ಮನೆಯಿತ್ತು, ಇಪ್ಪತ್ತು ವರ್ಷದಿಂದ ಹೋಗಿಬರುವುದು ನಿಂತ ಚಿಕ್ಕಪ್ಪನ ಮನೆ. ಒಂದು ಭಾನುವಾರ ರಿಪೋರ್ಟು ಹಿಡಿದು ಹೋದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು, "ಬಾಗಿಲು ಮುಖಕ್ಕೆ ಹಾಕಿದ್ರೆ ಬಿಚ್ಚೋಕೆ ನೀವಿರ್ತೀರಲ್ಲ" ಅಂತ.

ರಿಪೋರ್ಟಿನ ವಿಷಯ ಕೇಳಿ ಚಿಕ್ಕಪ್ಪ ಬಾಗಿಲಲ್ಲೇ ನಿಂತ. "ನಮ್ಮ ರಕ್ತದಲ್ಲಿ ಕೊಳೆ ಇದೆ ಅಂತ ಹೇಳೋಕೆ ಬಂದೆಯಾ?"

"ಕೊಳೆ ಅಲ್ಲ ಚಿಕ್ಕಪ್ಪ, ವಂಶವಾಹಿಯಲ್ಲಿ ಒಂದು ಅಕ್ಷರದ ತಪ್ಪು. ಯಾರೂ ಬೇಕಂತ ಮಾಡಿದ್ದಲ್ಲ. ನಿಮಗೂ ಇರಬಹುದು, ಇಲ್ಲದೆಯೂ ಇರಬಹುದು."

ಒಳಗಿನಿಂದ ಯಾರೋ ಕೆಮ್ಮಿದರು. ನೋಡದೆಯೇ ನನಗೆ ಗುರುತು ಸಿಕ್ಕಿತು. ಹದಿನಾರು ವರ್ಷ ಕೇಳಿದ ಕೆಮ್ಮೇ ಅದು. ಚಿಕ್ಕಪ್ಪನ ಮಗ, ಕ್ಷೌರದಂಗಡಿ ಇಟ್ಟವನು, ಮೂವತ್ತರ ಆಸುಪಾಸು. ಸಿಗರೇಟು ಮುಟ್ಟಿದವನಲ್ಲ, ಆದರೂ ಸಿಗರೇಟು ಬಿಡು ಅಂತ ಮೂವರು ಡಾಕ್ಟರರ ಕೈಯಲ್ಲಿ ಹೇಳಿಸಿಕೊಂಡಿದ್ದ. ಅಪ್ಪನ ಹೆಗಲ ಮೇಲಿಂದ ಕತ್ತು ಚಾಚಿ ಕೇಳಿದ, "ಅಕ್ಕಾ, ನಿನಗೂ ಕಿವಿ ಸೋರ್ತಿತ್ತಾ?"

"ಎರಡೂ ಕಡೆ. ನಿನಗೆ?"

"ಎಡಗಡೆ ಈಗಲೂ."

ಚಿಕ್ಕಪ್ಪ ಮಗನನ್ನು ನೋಡಿದ, ಇವಳನ್ನು ನೋಡಿದ, ಬಾಗಿಲಿನಿಂದ ಸರಿದ. ನಾವು ಒಳಗೆ ಹೋಗಿ ಕೂತೆವು. ನಾವು ಹೊರಡುವಾಗ ಚಿಕ್ಕಪ್ಪ, "ಅತ್ತಿಗೆ ಮನೆಯಲ್ಲಿರ್ತಾರಾ, ನಾನು ಬಂದ್ರೆ?" ಅಂತ ಕೇಳಿದ. ಇವಳು, "ಬಂದು ನೋಡಿ," ಅಂದಳಷ್ಟೆ. ಆ ವಾರವೇ ಬಂದನಂತೆ. ಅಮ್ಮ ಒಂದು ಲೋಟ ನೀರು ಕೊಟ್ಟು, ಅವನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿಸಿಕೊಂಡು, ಪರವಾಗಿಲ್ಲ ಎಂಬ ಮಾತನ್ನು ಮಾತ್ರ ಆಡಲಿಲ್ಲ.

ಕ್ಷೌರಿಕ ತಮ್ಮನ ಪರೀಕ್ಷೆಯಲ್ಲಿ ಅದೇ ದೋಷ ಸಿಕ್ಕಿತು; ಅವನ ತಂಗಿಗೆ ಇಲ್ಲ. ಈಗ ಡ್ರಿಪ್ಪಿನ ದಿನ ಮೂರು ಕುರ್ಚಿ. ಅವನು ನರ್ಸುಗಳಿಗೆ ಕೂದಲು ಹೇಗೆ ಕತ್ತರಿಸಿಕೊಳ್ಳಬೇಕೆಂದು ಉಪದೇಶ ಮಾಡುತ್ತಾನೆ, ಮಗಳು ಹೋಮ್‌ವರ್ಕ್ ಮುಗಿಸುತ್ತಾಳೆ. ತಂತಿಯಕ್ಕ ಮಾತ್ರ ಫೋನು ಕಿವಿಗಿಟ್ಟುಕೊಂಡಿರುತ್ತಾಳೆ. ಅಪ್ಪನ ಸೋದರತ್ತೆಯೊಬ್ಬಳು ಮದುವೆಯಾಗಿ ದೂರ ಹೋಗಿದ್ದಳಂತೆ, ಅವಳಿಗೆ ನಾಲ್ಕು ಮಕ್ಕಳಂತೆ. ಇಬ್ಬರ ವಿಳಾಸ ಸಿಕ್ಕಿದೆ. ಉಳಿದಿಬ್ಬರದನ್ನು ಹುಡುಕುತ್ತಿದ್ದಾಳೆ.