ಫರಸಿ ಬರುವ ತನಕ

ಕಟ್ಟಡದ ಕೂಲಿಯವರ ಮಗಳಿಗೆ ಕಥೆಯ ಹುಚ್ಚು ಹಿಡಿದರೆ ಅವಳು ಭಾಗ್ಯಾಳಂತಾಗುತ್ತಾಳೆ. ಪುಣೆಯ ಮಗರಪಟ್ಟಾದ ತಗಡಿನ ಶೆಡ್ಡಿನಲ್ಲಿ ಕಥೆ ಹೆಣೆಯುತ್ತ ರೊಟ್ಟಿ ಕರಕು ಮಾಡುತ್ತಾಳೆ. ಮುಂದೇನು ಓದುತ್ತೀ ಎಂದರೆ ದಿನಕ್ಕೊಂದು ಕಾಲೇಜು ಹೇಳುತ್ತಾಳೆ. ಆದರೆ ಅವಳ ಕಥೆಗಳಲ್ಲಿ ಯಾರೂ ಹೊಸ ಮನೆಯೊಳಗೆ ಕಾಲಿಡುವುದಿಲ್ಲ. ಇಡುವುದಾದರೂ ಹೇಗೆ? ನೆಲಕ್ಕೆ ಹಾಸುವ ಫರಸಿಕಲ್ಲು ಬಂದೊಡನೆ ಇವರ ಕೆಲಸ ಮುಗಿಯಿತೆಂದು ಮುಕಾದಮ ಬೇರೆ ಸೈಟಿಗೆ ಅಟ್ಟುತ್ತಾನೆ. ಅವ್ವ ಕಟ್ಟಿದ ಮನೆಯಲ್ಲಿ ದೀಪ ಹತ್ತಿದ್ದನ್ನು ಅವಳು ಕಂಡೇ ಇಲ್ಲ. ಈಗ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ವಾರವಿರುವಾಗ ಫರಸಿಯ ಲಾರಿ ಬಂದಿದೆ. "ಗಂಟು ಕಟ್ಟು, ಇಂದಾಪುರದ ಸೈಟಿಗೆ ಹೋಗೂದದ," ಎಂದಳು ಅವ್ವ ಸಾಬವ್ವ. "ಪರೀಕ್ಷಾ ಮುಗಿಯೂತನಕ ನಾ ಬರಂಗಿಲ್ಲ." "ಕಥಿ ಹೇಳಬ್ಯಾಡ. ಎಲ್ಲಿರ್ತಿ?" ಭಾಗ್ಯಾ ತಲೆಯೆತ್ತಿದಳು. ಎದುರಿಗೆ ಹನ್ನೆರಡು ಮಹಡಿಗಳ ತುಂಬ ಖಾಲಿ ಮನೆಗಳಿದ್ದವು.