ಓದುಗರ ಬಾಗಿಲಿಗೆ ಹೋದ ಲೇಖಕ

ರಾಜ್ಯಶಾಸ್ತ್ರವೆಂದರೆ ಸಂವಿಧಾನದ ಕಲಮುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವ ವಿಷಯವೆಂದು ನಮ್ಮ ಭಾಗದ ಕಾಲೇಜುಗಳು ನಂಬಿಕೊಂಡಿದ್ದ ಕಾಲದಲ್ಲಿ, ಅದು ತಾಲೂಕು ಕಚೇರಿಯ ವರಾಂಡದಲ್ಲಿ, ಸಂತೆಯ ಮಾತಿನಲ್ಲಿ, ಊರ ಕಟ್ಟೆಯ ಮೇಲೆ ದಿನವೂ ನಡೆಯುವ ವ್ಯವಹಾರವೆಂದು ತೋರಿಸಿಕೊಟ್ಟ ಹಿರಿಯರು ಪ್ರೊ. ಹೊಳಬಸಪ್ಪ ಗುಡೂರ ಅವರು. ಎರಡು ದಶಕಗಳಿಗೂ ಮೀರಿ ಹುನಗುಂದದ ನಮ್ಮ ಕಾಲೇಜಿನಲ್ಲಿ ಪಾಠ ಹೇಳಿ, ೧೯೮೮ರ ಈ ವರ್ಷ ಅವರು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತಿನ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಕನ್ನಡ ವಿಭಾಗದವಳಾದ ನಾನು ಅವರ ಒಂದು ಪುಸ್ತಕದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಪುಸ್ತಕವನ್ನು ಓದಿದವರ ಮತ್ತು ಓದದವರ ಬಗ್ಗೆ ನಾಲ್ಕು ಮಾತು ಬರೆಯಬಯಸುತ್ತೇನೆ.

೧೯೭೪ರಲ್ಲಿ ನಾನು ಈ ಕಾಲೇಜಿಗೆ ಬಂದಾಗ ಅಧ್ಯಾಪಕರ ಕೋಣೆಯಲ್ಲಿ ಹೆಣ್ಣುಮಗಳೆಂದರೆ ನಾನೊಬ್ಬಳೇ. ಕನ್ನಡ ವಿಭಾಗದ ವೇಳಾಪಟ್ಟಿಯ ವಿಷಯ ಬಂದರೂ ಸಹೋದ್ಯೋಗಿಗಳು ನನ್ನನ್ನು ಕೇಳದೆ ಗುಡೂರ ಅವರನ್ನು ಕೇಳುತ್ತಿದ್ದರು. ಒಂದು ವಾರ ಸಹಿಸಿಕೊಂಡು, ಒಂದು ದಿನ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬಾಯಾರು ಇಲ್ಲೇ ಕುಂತಾರಲ್ರಿ. ಅವರಿಗೂ ಬಾಯಿ ಐತಿ. ಅವರನ್ನ ಕೇಳ್ರಿ" ಎಂದರು. ಅಂದಿನಿಂದ ನನ್ನನ್ನೇ ಕೇಳತೊಡಗಿದರು. ಬಾಡಿಗೆ ಮನೆ ಸಿಗುವವರೆಗೆ ಅವರ ಶ್ರೀಮತಿ ತಾಯವ್ವನವರು ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಊಟಕ್ಕೆ ಹಾಕಿದ್ದನ್ನೂ ಇಲ್ಲಿ ಸ್ಮರಿಸದಿದ್ದರೆ ನಾನು ಕೃತಘ್ನಳಾದೇನು.

'ಹಾರ ಹಾಕುವ ಕೈಗಳು' ಎಂಬ ಅವರ ಪುಸ್ತಕ ೧೯೭೮ರಲ್ಲಿ ಬಾಗಲಕೋಟೆಯ ಅಹ್ಮದಸಾಬರ ಮುದ್ರಣಾಲಯದಲ್ಲಿ ಅಚ್ಚಾಯಿತು. ಕರಡು ತಿದ್ದಿದವಳು ನಾನು. ತುರ್ತು ಪರಿಸ್ಥಿತಿ ಮುಗಿದು ಎಲ್ಲರಿಗೂ ಬಾಯಿ ಬಂದಿದ್ದ ದಿನಗಳವು. ಎಲ್ಲರೂ ನಾಯಕರನ್ನು ಬೈಯುತ್ತಿದ್ದರು. ಗುಡೂರ ಅವರು ನಾಯಕರನ್ನಷ್ಟೇ ಬೈಯದೆ, ಅವರನ್ನು ಹೆಗಲ ಮೇಲೆ ಹೊತ್ತ ನಮ್ಮನ್ನೂ ಕಟಕಟೆಯಲ್ಲಿ ನಿಲ್ಲಿಸಿದ್ದರು. ಜಾತಿಯ ಲೆಕ್ಕ ಹಾಕಿ ಮತ ಕೊಡುವವರು, ಬಸವಣ್ಣನ ಮಾತಾಡಿ ಉಪಪಂಗಡ ಕೇಳುವವರು, ಸೋತವನನ್ನು ಮರುದಿನವೇ ಮರೆಯುವವರು, ಯಾರೂ ಉಳಿದಿರಲಿಲ್ಲ. ತಾಲೂಕು ಬೋರ್ಡಿನ ಒಬ್ಬ ಮಹಿಳಾ ಸದಸ್ಯೆಯನ್ನು ಅವರು ಹೆಸರು ಹೇಳದೆ "ಗಂಡನ ಅಂಗಿಯ ಕಿಸೆಯಲ್ಲಿದ್ದ ರಬ್ಬರ್ ಮುದ್ರೆ" ಎಂದು ಕರೆದಿದ್ದರು. ಅದು ಯಾರೆಂದು ತಾಲೂಕಿಗೆಲ್ಲ ಗೊತ್ತಿತ್ತು.

ಇಡೀ ಪುಸ್ತಕದಲ್ಲಿ ಅವರು ಮನಸಾರೆ ಹೊಗಳಿದ್ದು ಒಬ್ಬನನ್ನು ಮಾತ್ರ. ಒಂದು ಹಳ್ಳಿಯ ದವಾಖಾನೆಯನ್ನು ಬೋರ್ಡಿನ ಅಧ್ಯಕ್ಷರು ತಮ್ಮೂರಿಗೆ ಒಯ್ಯಲು ಠರಾವು ತಂದಾಗ, ಅವರ ಗುಂಪಿಗೆ ಬಹುಮತವಿದ್ದರೂ ಗುಪ್ತ ಚೀಟಿಯಲ್ಲಿ ಒಂದು ಮತ ತಿರುಗಿ ಬಿದ್ದು ಠರಾವು ಸೋತಿತ್ತು. "ಆ ದಿನ ಯಾರೋ ಒಬ್ಬ ಗಂಡಸು ತನ್ನ ಗುಂಪನ್ನು ಮರೆತು ಹೆರಿಗೆಯ ಹೆಂಗಸರನ್ನು ನೆನೆದ. ಅವನ ಹೆಸರು ಗೊತ್ತಿದ್ದರೆ ಈ ಪುಸ್ತಕವನ್ನು ಅವನಿಗೆ ಅರ್ಪಿಸುತ್ತಿದ್ದೆ" ಎಂದು ಅವರು ಬರೆದಿದ್ದರು.

ಮೊದಲು ಸದ್ದೇ ಇರಲಿಲ್ಲ. ನಂತರ ಬಾದಾಮಿಯ ಒಂದು ಸಭೆಯಲ್ಲಿ ಕಲ್ಲಪ್ಪನೆಂಬ ಪಕ್ಷದ ಮುಂದಾಳು ಪುಸ್ತಕವನ್ನು ಎತ್ತಿ ಹಿಡಿದು, ಇದು ಶರಣರಿಗೆ ಹಾರ ಹಾಕುವವರನ್ನೆಲ್ಲ ಹೀಯಾಳಿಸಿದೆ ಎಂದು ಗುಡುಗಿದರಂತೆ. ಸುದ್ದಿ ಹಬ್ಬಿತು. ಪುಸ್ತಕದಂಗಡಿಯವರು ಪ್ರತಿಗಳನ್ನು ಒಳಗೆ ಸರಿಸಿದರು. ಕೆಲವು ಪಾಲಕರು ಬಂದು, ಈ ಮನುಷ್ಯನ ಕೈಯಲ್ಲಿ ನಮ್ಮ ಮಕ್ಕಳನ್ನು ಹೇಗೆ ಬಿಡುವುದೆಂದು ಕೇಳಿದರು.

ಬೇರೆಯವರಾಗಿದ್ದರೆ ಪತ್ರಿಕೆಗೆ ಸ್ಪಷ್ಟೀಕರಣ ಬರೆದು ಸುಮ್ಮನಾಗುತ್ತಿದ್ದರು. ಗುಡೂರ ಅವರಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚು. "ಇಷ್ಟು ಸಿಟ್ಟು ಬರಬೇಕಂದ್ರ ಯಾವುದೋ ಒಂದು ಸಾಲು ನೆಟ್ಟಿರಬೇಕು. ಯಾವ ಸಾಲು ಅಂತ ಕೇಳಿಕೊಂಡು ಬರ್ತೇನಿ" ಎಂದು ರವಿವಾರ ಬಾದಾಮಿಯ ಬಸ್ಸು ಹತ್ತಿದರು. ಕಲ್ಲಪ್ಪನವರು ಬಾಗಿಲಲ್ಲಿ ಲೇಖಕನನ್ನೇ ಕಂಡು ಗಾಬರಿಯಾಗಿ ಚಹಾ ತರಿಸಿದರಂತೆ.

"ಯಾವ ಪುಟದಾಗ ಐತ್ರಿ ಆ ಮಾತು?"

"ನಾ ಏನ್ ಓದಿಲ್ಲ ಬಿಡ್ರಿ. ಕುಳಗೇರಿ ಕ್ರಾಸಿನ್ಯಾಗ ಚಾದಂಗಡಿ ಈರಪ್ಪ ಹೇಳಿದ."

ಗುಡೂರ ಅವರು ಅಲ್ಲಿಂದ ನೇರ ಕುಳಗೇರಿ ಕ್ರಾಸಿಗೆ ಹೋದರು. ಅಂಗಡಿಯಲ್ಲಿ ಎರಡು ಪಕ್ಷಗಳ ಇಬ್ಬರು ಅದೇ ಪುಸ್ತಕದ ಬಗ್ಗೆ ವಾದಿಸುತ್ತಿದ್ದರು. ಬೈಗಳೆಲ್ಲ ಎದುರು ಪಕ್ಷಕ್ಕೆ ಸೇರಿದ್ದೆಂದು ಇಬ್ಬರಿಗೂ ಖಾತ್ರಿಯಿತ್ತು. ಲೇಖಕರು ಮೂಲೆಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಈರಪ್ಪನನ್ನು ವಿಚಾರಿಸಿದರು. ಅವನೂ ಓದಿರಲಿಲ್ಲ. ಬಾಗಲಕೋಟೆಯಿಂದ ಕಾಗದದ ಲಾರಿಯಲ್ಲಿ ಬಂದಿದ್ದ ಅಹ್ಮದಸಾಬರೇ ಹೇಳಿದ್ದರೆಂದ. ಮರು ರವಿವಾರ ಬಾಗಲಕೋಟೆಗೆ ಹೋಗಿ ಕೇಳಿದರೆ ಅಹ್ಮದಸಾಬರು ತಲೆ ಕೆರೆದುಕೊಂಡರು.

"ನಾ ಅಂದದ್ದು ಇಷ್ಟ ರೀ ಸರ. ಗುಡೂರ ಸರ್ ಪುಸ್ತಕ ಈ ಸಲ ಭಾಳ ಖಾರ ಆಗೇತಿ ಅಂದೆ. ಹಾರದ ಸುದ್ದಿ ಐತಿ ಅಂದೆ. ಶರಣರ ಹೆಸರು ನಾ ತಗದಿಲ್ಲ, ಅಲ್ಲಾನ ಆಣಿ."

ಬಾದಾಮಿಯ ಗುಡುಗಿಗೆ ಮೂಲ ಇದಾಗಿತ್ತು. ಗುಡೂರ ಅವರು ಇದನ್ನು ಹೇಳಿಕೊಂಡು ಅಂದು ನಕ್ಕಷ್ಟು ಮುಂದೆಂದೂ ನಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಓದಿದವರೂ ಇದ್ದರು. ಇಳಕಲ್ಲಿನ ನೇಕಾರ ಹುಸೇನಸಾಬರು ಮಗ್ಗದ ಬಳಿ ಇಡೀ ಪುಸ್ತಕವನ್ನು ಜೋರಾಗಿ ಓದಿಸಿ ಕೇಳಿ, ಅವರದೇ ಬೇರೆ ತಕರಾರು ತೆಗೆದರು: "ಎಲ್ಲಾರನ್ನೂ ಬೈದೀರಿ. ನಮ್ಮ ನೇಕಾರರ ಸೊಸೈಟಿ ಮಂದೀನ ಯಾಕ ಬಿಟ್ರಿ? ಅವರೇನ್ ನಿಮ್ಮ ಬೀಗರೇನು?" ಗುಡೂರ ಅವರು ಅದನ್ನು ಬರೆದಿಟ್ಟುಕೊಂಡರು.

ಅಷ್ಟರಲ್ಲಿ ನಮ್ಮ ಕಾಲೇಜಿನ ಆಡಳಿತ ಮಂಡಳಿ ಅವರನ್ನು ಕರೆಸಿತು. ಪ್ರಿನ್ಸಿಪಾಲರ ಹುದ್ದೆ ಖಾಲಿಯಾಗುವುದರಲ್ಲಿತ್ತು. ಹಿರಿತನದಲ್ಲಿ ಅದು ಅವರಿಗೇ ಸಲ್ಲಬೇಕಿತ್ತು. ಮಂಡಳಿಯ ಅಧ್ಯಕ್ಷ ಕಾಶಪ್ಪನವರು ಕೆಟ್ಟವರಲ್ಲ, ಅರಿವೆ ವ್ಯಾಪಾರದ ಜಾಣ ಮನುಷ್ಯರು.

"ಪುಸ್ತಕ ಹಿಂದ ತಗೋರಿ ಗುರುಗಳ. ಪೇಪರಿನ್ಯಾಗ ಎರಡು ಸಾಲು ಹಾಕ್ರಿ, ಮುಗೀತು."

"ಸುಳ್ಳು ಇದ್ದ ಸಾಲು ತೋರಸ್ರಿ, ಇಲ್ಲೇ ಕುಂತು ಹೊಡದು ಹಾಕ್ತೇನಿ."

"ಸುಳ್ಳು ಐತಿ ಅಂದವ್ರು ಯಾರ್ರಿ? ಖರೆ ಇದ್ದದ್ದಕ್ಕ ನಮಗ ತ್ರಾಸ ಆಗೇತಿ."

ವಿಚಾರ ಮಾಡಲು ಒಂದು ವಾರದ ಸಮಯ ಕೇಳಿ ಬಂದರು. ಅವರು ಹೊಯ್ದಾಡಲಿಲ್ಲ ಎಂದರೆ ಅದು ಅಭಿನಂದನೆಯ ಉತ್ಪ್ರೇಕ್ಷೆಯಾದೀತು. ಇಬ್ಬರು ಹೆಣ್ಣುಮಕ್ಕಳ ಮದುವೆ ಎದುರಿಗಿತ್ತು. ಪ್ರಿನ್ಸಿಪಾಲರಾಗಿ ಮಾಡಬೇಕೆಂದುಕೊಂಡ ಕೆಲಸಗಳ ಆಸೆಯೂ ಇತ್ತು. ಹಿಂದೆಗೆದುಕೊಳ್ಳುವ ಎರಡು ಸಾಲುಗಳನ್ನು ಬರೆದು, ಭಾಷೆ ನೋಡಿರೆಂದು ನನಗೇ ಕೊಟ್ಟಿದ್ದರು. ನಾನು ಒಂದು ಕಾಗುಣಿತ ತಿದ್ದಿ ಮರಳಿಸಿದೆ.

ಆ ವಾರದಲ್ಲೇ ಗುರುಲಿಂಗವ್ವನವರಿಂದ ಕರೆ ಬಂತು. ಪುಸ್ತಕದ ರಬ್ಬರ್ ಮುದ್ರೆ ಅವರೇ. ಕೂಡಲಸಂಗಮದ ದಾರಿಯಲ್ಲಿ ಅವರ ಊರು. ಗಂಡ ಶಂಕ್ರಪ್ಪನವರು ಬೋರ್ಡಿನ ಅಧ್ಯಕ್ಷರ ಬಲಗೈಯಾಗಿದ್ದವರು. ಮಹಿಳಾ ಸ್ಥಾನಕ್ಕೆ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ್ದವರೂ ಅವರೇ. ಏಟು ಬೀಳಬಹುದೆಂದು ಸಹೋದ್ಯೋಗಿಗಳು ಎಚ್ಚರಿಸಿದರು. "ಬಾಯಾರ, ನೀವೂ ಬರ್ರಿ. ಹೆಣ್ಣುಮಗಳ ಎದುರಿಗೆ ನಾ ಒಬ್ಬನ ಕೂತು ಏನ್ ಹೇಳ್ಲಿ" ಎಂದು ನನ್ನನ್ನು ಕರೆದುಕೊಂಡು ಹೋದರು.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಶಂಕ್ರಪ್ಪನವರು ಕಂಬಕ್ಕೆ ಒರಗಿ ಕೂತಿದ್ದರು. ಗುರುಲಿಂಗವ್ವನವರು ನೀರು ಕೊಟ್ಟು, ಬೆಲ್ಲ ಕೊಟ್ಟು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ವಚನ ಓದಲೆಂದು ಅಪ್ಪ ಕಲಿಸಿದ ಅಕ್ಷರ ಅವರದು.

"ಮಾಸ್ತರ್ರ, ಇದನ್ನ ಬರಿಯೂ ಮುಂಚೆ ನನ್ನ ಕೇಳಿದ್ರೇನ್ರಿ?"

"ಇಲ್ಲರಿ ಅವ್ವಾರ."

"ಮತ್ತ ಯಾರನ್ನ ಕೇಳಿದ್ರಿ?"

"ಬೋರ್ಡಿನ ಮೆಂಬರರನ್ನ ಕೇಳಿದೆ."

"ನಾನೂ ಮೆಂಬರ ಇದ್ದೆನಲ್ರಿ."

ಗುಡೂರ ಅವರು ತಲೆ ತಗ್ಗಿಸಿದರು. ನನ್ನ ಪರವಾಗಿ ಅಂದು ಅಧ್ಯಾಪಕರ ಕೋಣೆಯಲ್ಲಿ ಮಾತಾಡಿದವರು ಇವರೇ ಏನು ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ಗುರುಲಿಂಗವ್ವನವರು ಮುಂದುವರಿಸಿದರು. "ಮೊದಲ ವರ್ಷ ಇವರು ತೋರಿಸಿದಲ್ಲೆ ಸಹಿ ಹಾಕೇನಿ. ಅದು ಖರೆ, ನಾ ಇಲ್ಲ ಅನ್ನಂಗಿಲ್ಲ. ಆಮ್ಯಾಲ ಆ ದವಾಖಾನಿ ಸುದ್ದಿ ಬಂತು. ನನ್ನ ಮಗಳು ಹಡದದ್ದು ಅದ ದವಾಖಾನ್ಯಾಗ್ರಿ. ಎರಡು ಜೀವ ಉಳಿದಾವ. ಅದನ್ನ ಕಿತ್ತು ಒಯ್ರಿ ಅಂತ ನಾ ಹೆಂಗ ಚೀಟಿ ಹಾಕ್ಲಿ? ನೀವು ಯಾರೋ ಗಂಡಸು ಅಂತ ಬರದೀರಿ. ಆ ಚೀಟಿ ನಂದರಿ."

ಆಗ ಶಂಕ್ರಪ್ಪನವರು ಕಂಬದ ಬಳಿಯಿಂದಲೇ ನುಡಿದರು: "ಖರೆ ಐತ್ರಿ. ಒಂದು ಮತ ತಿರುಗಿ ಬಿದ್ದಾಗ ಎಲ್ಲಾರ ಮ್ಯಾಲೂ ನನಗ ಸಂಶೆ ಬಂತು, ಈಕಿ ಮ್ಯಾಲ ಬರಲಿಲ್ಲ. ಮನಿಗೆ ಬಂದ ಮ್ಯಾಲ ಈಕೀನ ಹೇಳಿದಳು. ಆ ಮಳಿಗಾಲ ಪೂರಾ ನಾ ಈಕಿ ಕೂಡ ಮಾತಾಡಿಲ್ಲ."

"ಮಾತಾಡಿಲ್ಲ, ಆದ್ರ ರೊಟ್ಟಿ ಬೇಕಾದಾಗ ಕೆಮ್ಮತಿದ್ರು" ಎಂದರು ಗುರುಲಿಂಗವ್ವನವರು. ಶಂಕ್ರಪ್ಪನವರೇ ಮೊದಲು ನಕ್ಕರು.

ತಾವು ಪುಸ್ತಕದಲ್ಲಿ ಹೀಯಾಳಿಸಿದವರೂ ಹೊಗಳಿದವರೂ ಒಬ್ಬರೇ ಎಂಬುದನ್ನು ಅರಗಿಸಿಕೊಳ್ಳಲು ಗುಡೂರ ಅವರಿಗೆ ಹೊತ್ತು ಹಿಡಿಯಿತು. ಕೊನೆಗೆ ಕೈ ಜೋಡಿಸಿ, "ತಪ್ಪಾತ್ರಿ ಅವ್ವಾರ. ಪುಸ್ತಕಾನ ಹಿಂದ ತಗೋತೇನಿ" ಎಂದರು.

ಗುರುಲಿಂಗವ್ವನವರಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. "ಹಿಂದ ತಗೋಳಾಕ ನಿಮ್ಮನ್ನ ಕರಸಿಲ್ಲ ನಾ. ನೀವು ಬೈದದ್ದು ಊರಿಗೆಲ್ಲಾ ಗೊತ್ತಾಗಿ ಹೋಗೇತಿ. ಈಗ ಪುಸ್ತಕ ಇಲ್ಲ ಅಂದ್ರ ನಾ ಉತ್ತರ ಎಲ್ಲಿ ಹೋಗಿ ಕೊಡ್ಲಿ? ಅದು ಹಂಗ ಇರ್ಲಿ. ಅದರ ಕೆಳಗ ನಾ ಹೇಳಿದ್ದು ಹಾಕ್ರಿ. ನಾ ಅಂದಂಗ ಹಾಕ್ರಿ, ತಿದ್ದಬ್ಯಾಡ್ರಿ."

ಮರುದಿನ ಗುಡೂರ ಅವರು ಕಾಶಪ್ಪನವರಿಗೆ ತಮ್ಮ ನಿರ್ಧಾರ ತಿಳಿಸಿದರು: ಪುಸ್ತಕ ಹಿಂದೆ ಬರುವುದಿಲ್ಲ, ಎರಡನೆಯ ಮುದ್ರಣ ಬರುತ್ತದೆ. ಪ್ರಿನ್ಸಿಪಾಲರ ಹುದ್ದೆ ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಅಧಿಕಾರ ಸ್ವೀಕಾರದ ದಿನ, ಪದ್ಧತಿಯಂತೆ, ಹೊಸಬರಿಗೆ ಹಾರ ಹಾಕಬೇಕಾದ ಹಿರಿಯ ಅಧ್ಯಾಪಕರು ಇವರೇ. 'ಹಾರ ಹಾಕುವ ಕೈಗಳು' ಬರೆದ ಕೈ ಏನು ಮಾಡೀತೆಂದು ಇಡೀ ಸಭಾಂಗಣ ಕತ್ತು ಚಾಚಿ ಕೂತಿತ್ತು. ಅವರು ಹಾರ ಹಾಕಿ, ಆತನ ಭುಜ ತಟ್ಟಿ ಇಳಿದು ಬಂದರು. ಇದೇನು ಸರ್ ಎಂದು ಸಹೋದ್ಯೋಗಿಯೊಬ್ಬರು ಕೇಳಿದರೆ, "ಯೋಗ್ಯರಿಗೆ ಹಾಕಬ್ಯಾಡ್ರಿ ಅಂತ ನಾ ಎಲ್ಲಿ ಬರದೇನಿ? ನೀವೂ ಓದಿಲ್ಲ ಹಂಗಾರ" ಎಂದರು. ಆ ಸಂಜೆ ಅವರು ಮನೆಯಲ್ಲಿ ಊಟ ಮಾಡಲಿಲ್ಲವೆಂದು ತಾಯವ್ವನವರು ಬಹಳ ದಿನಗಳ ನಂತರ ನನಗೆ ಹೇಳಿದರು.

೧೯೮೦ರಲ್ಲಿ ಹೊರಬಂದ ಎರಡನೆಯ ಮುದ್ರಣ ಗುರುಲಿಂಗವ್ವನವರಿಗೆ ಅರ್ಪಿತವಾಗಿತ್ತು. ಹೀಯಾಳಿಕೆಯ ಸಾಲು ಇದ್ದಲ್ಲೇ ಇತ್ತು. ಅದರ ಕೆಳಗೆ ಅವರ ಉತ್ತರ, ಅವರ ಮಾತಿನಲ್ಲೇ. ಹುಸೇನಸಾಬರ ತಕರಾರಿಗೆ ಒಂದು ಹೊಸ ಅಧ್ಯಾಯವೇ ಸೇರಿತ್ತು. ಓದದೆ ಬೈದವರು ಈಗ ಯಾರ ಉತ್ತರ ಬಂದಿದೆ ನೋಡೋಣವೆಂದು ಕೊಂಡು ಓದಿದರು. ಬಾದಾಮಿಯ ಕಲ್ಲಪ್ಪನವರು ಓದಿ ಮುಗಿಸಿ, ಈ ಸಲ ಪುಟದ ಸಂಖ್ಯೆ ಹೇಳಿಯೇ ಜಗಳಕ್ಕೆ ಬಂದರು. ಅಂದು ಗುಡೂರ ಅವರ ಸಂತೋಷ ಹೇಳತೀರದು.

ಮುಂದಿನ ವರ್ಷಗಳಲ್ಲಿ ಅವರ ಪಾಠದ ಕ್ರಮವೇ ಬದಲಾಯಿತು. ಯಾರ ಬಗ್ಗೆ ಪ್ರಬಂಧ ಬರೆಯುತ್ತೀರೋ ಅವರ ಮನೆಗೆ ಹೋಗಿ ಬನ್ನಿರೆಂದು ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದರು. ಇಳಕಲ್ಲಿನ ವಿದ್ಯಾರ್ಥಿನಿ ಶಮಶಾದಬಿಯನ್ನು ಮನೆಯವರು ಹೊರಗೆ ಕಳಿಸದಿದ್ದಾಗ ತಾಯವ್ವನವರನ್ನೇ ಜೊತೆ ಮಾಡಿ ಕಳಿಸಿದ್ದುಂಟು. ಆಕೆ ಇಂದು ಗುಡೂರ ಅವರದೇ ವಿಭಾಗದಲ್ಲಿ ಅಧ್ಯಾಪಕಿ.

ಕಳೆದ ವರ್ಷ ಮಂಡಲ ಪಂಚಾಯತಿಗಳಿಗೆ ಚುನಾವಣೆಯಾಗಿ, ಹಿಂದೆಂದೂ ಇಲ್ಲದಷ್ಟು ಹೆಣ್ಣುಮಕ್ಕಳು ಸದಸ್ಯರಾಗಿದ್ದಾರೆ. ಅವರ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದು ಗುಡೂರ ಅವರು ಊರೂರು ತಿರುಗುತ್ತಿದ್ದಾರೆ. ಮೊನ್ನೆ ಒಂದು ಹಳ್ಳಿಯಲ್ಲಿ ಶಾರವ್ವನೆಂಬ ಹೊಸ ಸದಸ್ಯೆ ಸೆರಗು ಸರಿಪಡಿಸಿಕೊಳ್ಳುತ್ತ, "ನಾ ಇನ್ನಾ ಏನೂ ಮಾಡಿಲ್ಲರಿ. ಮುಂದಿನ ವರ್ಷ ಬರ್ರಿ, ಆಗ ಬೈಯೂದಿದ್ರ ಬೈರಿ" ಎಂದಳಂತೆ. ಅವರು ಖಂಡಿತ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದಾರೆ.

ಆ ಮಾತು ನಡೆಸಿಕೊಡುವಷ್ಟು ಕಾಲಲ್ಲಿ ಕಸುವನ್ನೂ ಕಣ್ಣಲ್ಲಿ ಬೆಳಕನ್ನೂ ಕೂಡಲಸಂಗಮನಾಥ ಅವರಿಗೆ ನೂರ್ಕಾಲ ಕರುಣಿಸಲಿ. ತಾಯವ್ವನವರಿಗೂ ಆಯುರಾರೋಗ್ಯ ದೊರೆಯಲಿ. ಅವರು ಬರೆಯಲಿ, ನಾವು ಓದಿ, ಪುಟ ಗುರುತಿಟ್ಟುಕೊಂಡು, ಅವರೊಡನೆ ಜಗಳಕ್ಕೆ ಹೋಗುವಂತಾಗಲಿ.