ಎದುರು ಮನಿ ಅಮ್ಮಾರ ಮೊಣಕಾಲು ನೋವು

ಮೊನ್ನೆ ಡೊಂಬಿವ್ಲಿಗೆ ಹೋದಾಗ ಸ್ಟೇಷನ್ ಹೊರಗಿನ ಒಂದು ಮಂಗಳೂರು ಅಂಗಡ್ಯಾಗ ಕುಚ್ಚಲಕ್ಕಿ ಚೀಲ ಬಿಚ್ಚಾಕತ್ತಿದ್ರು. ವಾಸನಿ ಮೂಗಿಗೆ ಬಡೀತು. ಜ್ವಾಳ ತಿನ್ನೋ ನಮಗ ಅದು ವಾಸನಿ ಅಲ್ಲ, ನಾತ. ಆದ್ರೂ ನಿಂತೆ. ಎದುರು ಮನಿ ಅಮ್ಮಾರು ನೆನಪಾದ್ರು... ಅವರ ಮನಿ ದಿನಾ ಹಿಂಗ ನಾರ್ತಿತ್ತು.

ಹೆಸರು ಬ್ಯಾಡ. ನಾವು ಯಾವತ್ತೂ ಹೆಸರು ಹಿಡಿದು ಕರದಿಲ್ಲ. ಕುಂದಾಪುರದ ಕಡಿಯವರು. ಗಂಡ ವಾಶಿಯೊಳಗ ಒಂದು ಹೋಟೆಲಿನ್ಯಾಗ ಅಡಗಿ ಮಾಡ್ತಿದ್ರು. ಆ ಹೋಟೆಲಿಗೆ ಬೇಕಾದ ಬೆಳ್ಳುಳ್ಳಿ ಇವರು ಮನ್ಯಾಗ ಕುಂತು ಸುಲದು ಕೊಡ್ತಿದ್ರು. ನಾ ಕಳಂಬೋಲಿಯ ಕಬ್ಬಿಣ ಮಾರೋ ಲೋಖಂಡ ಬಜಾರದಾಗ ಕ್ರೇನ್ ಹೊಡೀತೀನಿ. ಆಗ್ಲೂ ಅದ ಕೆಲಸ.

ಆಗ ನಮ್ಮ ಹುಡುಗಿಗೆ ಎರಡೂವರಿ ವರ್ಷ. ಹೆಂಡತಿಗೆ ಮತ್ತ ಮುಟ್ಟು ನಿಂತಿತ್ತು. ಅದರ ಹಿಂದ ಒಂದು ಬಸಿರು ನಿಲ್ಲದ ಹೋಗಿತ್ತು. ಆ ಸಲ ನಮ್ಮವ್ವ ಖುಷಿಲೆ ಇಂಡಿ ತಾಲೂಕಿಗೆಲ್ಲ ಫೋನ್ ಹಚ್ಚಿ ಹೇಳಿಬಿಟ್ಟಿದ್ಲು. ಹೋದ ಮ್ಯಾಲ ಅಷ್ಟೂ ಮಂದಿ ತಿರುಗಿ ಫೋನ್ ಹಚ್ಚಿ, ಪಾಪ ಹೆಂಗಾತು ಅಂತ ಕೇಳಿದ್ರು. ಒಬ್ಬೊಬ್ಬರಿಗೂ ನನ್ನ ಹೆಂಡತಿ ಮೊದಲಿಂದ ಹೇಳಬೇಕು. ಹಂಗಾಗಿ ಈ ಸಲ ಗಟ್ಟಿ ಮಾಡಿದ್ಲು. "ಮೂರು ತಿಂಗಳ ದಾಟೋತನಕ ಬಾಯಿ ಬಿಡಬ್ಯಾಡ್ರಿ. ನಿಮ್ಮವ್ವಗೂ ಇಲ್ಲ, ನಮ್ಮವ್ವಗೂ ಇಲ್ಲ."

ಸುದ್ದಿ ಮುಚ್ಚಿಡಬಹುದು. ಸುಸ್ತು ಹೆಂಗ ಮುಚ್ಚಿಡ್ತಿ? ರೊಟ್ಟಿ ಬಡಿಯಾಕ ಕುಂತಾಕಿ ಗ್ವಾಡಿಗೆ ತಲಿ ಹಚ್ಚಿ ಹಂಗ ನಿದ್ದಿ ಹೋಗ್ತಿದ್ಲು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ. ಬಾಜೂಕಿನ ಹೆಂಗಸರು, "ಕ್ಯಾ ಭಾಭಿ, ರಾತ್ ಭರ್ ಟಿವಿ ದೇಖ್ತಿ ಹೈ ಕ್ಯಾ" ಅಂತ ಆಡ್ಕೊಂಡು ನಗ್ತಿದ್ರು. ಇಕಿ ಹ್ಞೂಂ, ರಾತ್ರೆಲ್ಲ ನೋಡ್ತೀನಿ ಅಂತಿದ್ಲು. ಹುಡುಗಿ ಬ್ಯಾರೆ, ಎತ್ಕೋ ಎತ್ಕೋ ಅಂತ ಹೊಟ್ಟಿ ಮ್ಯಾಲ ಹತ್ತಾಕಿ. ಡಾಕ್ಟರಮ್ಮ ಆರಾಮ ಮಾಡು ಅಂದಿದ್ಲು. ಆರಾಮ ಎಲ್ಲಿಂದ ತರೂದು? ನಾ ಮುಂಜಾನೆ ಹೋದ್ರ ಹೊತ್ತು ಮುಳುಗಿದ ಮ್ಯಾಲ ಬರಾಂವ.

ಒಂದಿನ ಮಧ್ಯಾಹ್ನ ನೆಲದ ಮ್ಯಾಲ ಮಲಗಿದಾಕಿಗೆ ಎಚ್ಚರಾನ ಇಲ್ಲ. ಬಾಗಿಲ ತೆರದಿತ್ತು. ಹುಡುಗಿ ಮೆಟ್ಟಲ ಇಳಿದು ಗೇಟಿನ ತನಕ ಹೋಗಿತ್ತು. ಗೇಟಿನ ಹೊರಗ ಸರಳು ಹೊತ್ತ ಟ್ರಕ್ಕು... ಅಮ್ಮಾರು ಕಂಡು ಎತ್ಕೊಂಡು ಬಂದ್ರು. ಬೈಲಿಲ್ಲ. ಏನೂ ಕೇಳಲಿಲ್ಲ. ಹೆಂಡತೀನ ಎಬ್ಬಿಸಿ ಹುಡುಗೀನ ಕೈಯಾಗ ಕೊಟ್ಟು ಹೋದ್ರು.

ಆ ದಿನ ಸಂಜಿಕೆ ಆಕಿ ಅತ್ಲು. "ಊರಿಗೆ ಕಳಿಸ್ರಿ. ನನ್ನ ಕೈಲೆ ಆಗೂದಿಲ್ಲ." ಊರು ಅಂದ್ರ ಬಸ್ಸಿನ ಕುಲುಕಾಟ. ಹಿಂದಿನ ಸಲ ಊರಿಗೆ ಹೋಗಿ ಬಂದ ಮ್ಯಾಲನ ಹೋಗಿತ್ತು. ನನಗ ಧೈರ್ಯ ಆಗಲಿಲ್ಲ.

ಮರುದಿನ ಅಮ್ಮಾರು ತಾವಾಗೇ ಬಂದ್ರಂತ. "ನಂಗೆ ಮೊಣಕಾಲು ನೋವು ಮಾರಾಯ್ತಿ. ಬೆಳ್ಳುಳ್ಳಿ ಸಿಪ್ಪೆ ಹಾರಿದ್ರೆ ಬಗ್ಗಿ ಹೆಕ್ಲಿಕ್ಕೆ ಆಗುದಿಲ್ಲ. ಮಧ್ಯಾಹ್ನ ನಿನ್ನ ಹುಡ್ಗಿಯನ್ನು ಸ್ವಲ್ಪ ಕೊಡ್ತೀಯಾ? ನಂಗೊಂದು ಉಪಕಾರ ಆಗ್ತದೆ."

ಇಕಿ ಕಳಿಸಿದ್ಲು. ಮೊದಲ ದಿನ ಹುಡುಗಿ ಗಂಜಿ ಉಂಡು, ಕೈಗೆಲ್ಲ ಬೆಳ್ಳುಳ್ಳಿ ವಾಸನಿ ಮಾಡ್ಕೊಂಡು ಬಂದು ಅವ್ವನ ಮುಖ ಹಿಡೀತು. ಇಕಿ ವಾಂತಿ ಬಂದು ಮೋರಿಗೆ ಓಡಿದ್ಲು. ಅಮ್ಮಾರು ಬಾಗಿಲದಾಗ ನಿಂತು ನೋಡಿದ್ರು. ಮರುದಿನದಿಂದ ಹುಡುಗಿಗೆ ಬೆಳ್ಳುಳ್ಳಿ ಮುಟ್ಟಿಸಲಿಲ್ಲ. ಹಸಿ ಬಟಾಣಿ ಸುಲಿಯಾಕ ಕುಂದ್ರಿಸಿದ್ರು.

ದಿನಾ ಮಧ್ಯಾಹ್ನ ಇಕಿಗೆ ನಿದ್ದಿ. ಮುಖದ ಮ್ಯಾಲ ಕಳಿ ಬಂತು. ಊರಿನ ಮಾತು ಬಿಟ್ಲು.

ಮೂರು ತಿಂಗಳ ದಾಟಿದ ಮ್ಯಾಲ ಪೇಢೆ ತಗೊಂಡು ಇಬ್ಬರೂ ಎದುರು ಮನಿಗೆ ಹೋದ್ವಿ. ಅಮ್ಮಾರು, "ಹೌದಾ? ನಂಗೆ ಅಂದಾಜೇ ಇರ್ಲಿಲ್ಲ ನೋಡು" ಅಂದ್ರು.

ಅವರ ಗಂಡ ಒಳಗಿಂದ, "ಇವಳಿಗೆ ಅಂದಾಜಿರ್ಲಿಲ್ವಂತೆ" ಅಂತ ನಕ್ಕರು.

"ನೀವು ಸುಮ್ನೆ ಪೇಡೆ ತಿನ್ನಿ."

ಮುಂದ ಸ್ವಲ್ಪ ದಿನಕ್ಕ ಪನವೇಲ್ ಸ್ಟೇಷನ್ನಿನ್ಯಾಗ ಅಮ್ಮಾರು ಕಂಡ್ರು. ಎರಡೂ ಕೈಯಾಗ ಚೀಲ, ಬ್ರಿಜ್ಜಿನ ಮೆಟ್ಟಲ ದಡದಡ ಹತ್ತಾಕತ್ತಿದ್ರು. ನಾ ಹಿಂದ ಉಸಿರು ಬಿಡ್ಕೋತ ಹತ್ತಿದೆ. ಕರೀಲಿಲ್ಲ. ಮನಿಗೆ ಬಂದು ಹೆಂಡತಿಗೆ ಹೇಳಿದೆ.

"ನನಗ ಗೊತ್ತೈತಿ" ಅಂದ್ಲು. "ನೀವು ಕೇಳಾಕ ಹೋಗಬ್ಯಾಡ್ರಿ. ಅವರು ನಮ್ಮನ್ನ ಕೇಳಿದ್ರೇನು?"

ಕೇಳಲಿಲ್ಲ. ಹುಡುಗ ಹುಟ್ಟಿದ. ಅಮ್ಮಾರು ದವಾಖಾನಿಗೆ ಗಂಜಿ ತಿಳಿ ತಂದ್ರು, ಮೂಗು ಮುಚ್ಕೊಂಡು ನಾನೂ ಕುಡದೆ. ಗಂಡನ ಕೆಲಸ ಮುಗಿದ ಮ್ಯಾಲ ಇಬ್ಬರೂ ಊರಿಗೆ ಹೋದ್ರು. ನಿಮ್ಮಿಂದ ನಮ್ಮ ಹುಡುಗ ಉಳಿದ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳಿಲ್ಲ ನಾವು. ಹೇಳಿದ್ರ ಅವರ ಮೊಣಕಾಲು ನೋವು ಸುಳ್ಳು ಅಂತ ಮುಖಕ್ಕ ಹೇಳಿದಂಗ ಆಗ್ತಿತ್ತು.

ಹೋದ ಮಳಿಗಾಲದಾಗ ಅವರ ಮಗಳ ಫೋನ್ ಬಂತು... ಹೆಂಡತಿ ಆ ದಿನ ಒಲಿ ಹಚ್ಚಲಿಲ್ಲ.

ಅಮ್ಮಾರು ಇಲ್ಲ. ಹುಡುಗ ಅದಾನ. ಈಗ ಗ್ಯಾಲರ್ಯಾಗ ಅಕ್ಕನ ಜೋಡಿ ಮರಾಠಿಯಾಗ ಜಗಳಕ್ಕ ನಿಂತಾನ, ಅವರವ್ವ ಒಳಗಿಂದ ಇಬ್ಬರಿಗೂ ಬೈಯಾಕತ್ತಾಳ.